ಬೆಂಚಿನ ಮೇಲಿನ ಇಬ್ಬರು

ಒಂಬತ್ತನೇ ತರಗತಿಯ ಹುಡುಗನೊಬ್ಬ ಮೈಸೂರಿನಿಂದ ಕಾಗದ ಬರೆದಿದ್ದಾನೆ. ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದಾನೆ, ಆದರೆ ಮೊದಲು ಅಂಕಣಕ್ಕಿಳಿಯುವ ಐದು ಜನರಲ್ಲಿ ಅವನಿಲ್ಲ. ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಕೂರುವ ಇನ್ನೊಬ್ಬ ಹುಡುಗನೂ ಅವನಂತೆಯೇ ಗಾರ್ಡ್. "ಅವನು ದೂರದಿಂದ ಚೆನ್ನಾಗಿ ಬಾಲ್ ಹಾಕ್ತಾನೆ. ನನಗೆ ಅದು ಬರಲ್ಲ. ಆದರೆ ಎದುರಾಳಿಯನ್ನು ಹಿಡಿದು ನಿಲ್ಲಿಸೋದರಲ್ಲಿ ನಾನೇ ಮುಂದೆ. ನಮ್ಮ ಸಾರ್ ಮಾತ್ರ ಯಾವಾಗಲೂ ಮೊದಲು ಅವನನ್ನೇ ಇಳಿಸ್ತಾರೆ. ನಾನೇನು ಮಾಡಬೇಕು?" ಎಂದು ಕೇಳಿದ್ದಾನೆ. ಕಾಗದದ ಕೊನೆಯಲ್ಲಿ ಬೇರೆ ಶಾಯಿಯಲ್ಲಿ ಅವನ ತಾಯಿಯ ಎರಡು ಸಾಲು: "ಆಡಿಸುವುದೇ ಇಲ್ಲವೆಂದ ಮೇಲೆ ದಿನಾ ಸಂಜೆ ಎರಡು ಗಂಟೆ ಯಾಕೆ ಹಾಳು ಮಾಡಬೇಕು? ಮುಂದಿನ ವರ್ಷ ಎಸ್ಸೆಸ್ಸೆಲ್ಸಿ."

ತಾಯಿಯ ಪ್ರಶ್ನೆಯನ್ನು ಸ್ವಲ್ಪ ಬದಿಗಿಡೋಣ. ಹುಡುಗನ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾದದ್ದು ಶಿಕಾಗೊ ಬುಲ್ಸ್ ತಂಡದ ಬೆಂಚು. 1995-96ರ ಸಾಲಿನಲ್ಲಿ ಆ ತಂಡ 82 ಲೀಗ್ ಪಂದ್ಯಗಳಲ್ಲಿ 72 ಗೆದ್ದು, ಸೋತದ್ದು 10 ಮಾತ್ರ. ಮೈಕೆಲ್ ಜೋರ್ಡಾನ್, ಸ್ಕಾಟಿ ಪಿಪ್ಪೆನ್, ಡೆನಿಸ್ ರಾಡ್‌ಮನ್ ಹೆಸರುಗಳನ್ನು ಬ್ಯಾಸ್ಕೆಟ್‌ಬಾಲ್ ನೋಡದವರೂ ಕೇಳಿರುತ್ತಾರೆ. ಅದೇ ತಂಡದಲ್ಲಿ ಬದಲಿ ಗಾರ್ಡ್‌ಗಳಾಗಿ ಸ್ಟೀವ್ ಕೆರ್ ಮತ್ತು ರ್‍ಯಾಂಡಿ ಬ್ರೌನ್ ಇದ್ದರು. ಒಬ್ಬರು ದೂರದಿಂದ ಗುರಿ ಇಡುವವರು, ಇನ್ನೊಬ್ಬರು ಎದುರಾಳಿಯ ಬೆನ್ನು ಬಿಡದವರು. ನಮ್ಮ ಮೈಸೂರಿನ ಬೆಂಚಿನ ಹಾಗೆಯೇ.

ಆಟ ಗೊತ್ತಿಲ್ಲದ ತಂದೆತಾಯಿಗಳಿಗಾಗಿ ಒಂದು ಮಾತು. ಐವರಲ್ಲಿ ಇಬ್ಬರು ಗಾರ್ಡ್‌ಗಳು. ಸಾಮಾನ್ಯವಾಗಿ ತಂಡದಲ್ಲಿ ಎತ್ತರ ಕಡಿಮೆ ಇರುವವರು ಇವರೇ. ಚೆಂಡನ್ನು ನಮ್ಮ ತುದಿಯಿಂದ ಎದುರಾಳಿಯ ತುದಿಗೆ ಒಯ್ಯುವುದು, ಯಾರಿಗೆ ಕೊಡಬೇಕೆಂದು ನೋಡಿ ಕೊಡುವುದು ಇವರ ಕೆಲಸ. ಬುಲ್ಸ್‌ನಲ್ಲಿ ಒಂದು ಗಾರ್ಡ್ ಸ್ಥಾನ ಜೋರ್ಡಾನ್‌ರದು, ಇನ್ನೊಂದು ರಾನ್ ಹಾರ್ಪರ್‌ರದು. ಈ ಹಾರ್ಪರ್ ಹಿಂದೆ ಬೇರೆ ತಂಡದಲ್ಲಿ ಪಂದ್ಯಕ್ಕೆ 20 ಅಂಕ ಗಳಿಸುತ್ತಿದ್ದವರು. ಇಲ್ಲಿ ಎಂಟಕ್ಕಿಂತ ಕಡಿಮೆ ಅಂಕಕ್ಕೆ ಒಪ್ಪಿಕೊಂಡು, ಎದುರಾಳಿಯನ್ನು ಕಟ್ಟಿಹಾಕುವ ಕೆಲಸ ಹೊತ್ತುಕೊಂಡರು. ಅವರ ಕಥೆಯೇ ಇನ್ನೊಂದು ಅಂಕಣಕ್ಕೆ ಆದೀತು.

ಈಗ ಲೆಕ್ಕಕ್ಕೆ ಬರೋಣ. ಆ ಸಾಲಿನ 82 ಪಂದ್ಯಗಳಲ್ಲೂ ಕೆರ್ ಆಡಿದರು. ಒಂದರಲ್ಲೂ ಮೊದಲ ಐವರಲ್ಲಿ ಇರಲಿಲ್ಲ. 48 ನಿಮಿಷದ ಆಟದಲ್ಲಿ ಅವರಿಗೆ ಸರಾಸರಿ 23 ನಿಮಿಷ ಸಿಕ್ಕಿತು, ಗಳಿಸಿದ್ದು ಸರಾಸರಿ 8.4 ಅಂಕ. ಮೂರಂಕದ ಗೆರೆಯಾಚೆಯಿಂದ ಎಸೆದ ನೂರರಲ್ಲಿ 51ಕ್ಕೂ ಹೆಚ್ಚು ಬುಟ್ಟಿಗೆ ಬಿದ್ದವು. (ಆ ಮೂರು ವರ್ಷ ಗೆರೆಯನ್ನು 22 ಅಡಿಗೆ ಹತ್ತಿರ ತಂದಿದ್ದರೆಂಬುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ತಿಳಿದವರು ನನ್ನನ್ನು ಹಿಡಿದುಕೊಳ್ಳುತ್ತಾರೆ. ಆದರೆ ಇಡೀ ವೃತ್ತಿಜೀವನದ ಲೆಕ್ಕ ತೆಗೆದರೂ ಕೆರ್‌ರ ಶೇಕಡಾ 45.4 ಎನ್‌ಬಿಎಯಲ್ಲಿ ಇಂದಿಗೂ ಎಲ್ಲರಿಗಿಂತ ಮೇಲಿದೆ.) ಬ್ರೌನ್‌ರಿಗೆ ಸಿಕ್ಕಿದ್ದು ಸುಮಾರು ಹತ್ತು ನಿಮಿಷ, ಅಂಕ ಸರಾಸರಿ ಮೂರಕ್ಕಿಂತ ಕಡಿಮೆ.

ಅಂಕಪಟ್ಟಿ ನೋಡಿ ರ್‍ಯಾಂಕ್ ಹೇಳುವ ಅಭ್ಯಾಸ ನಮಗೆಲ್ಲ ಇದೆ. ಹಾಗೆ ನೋಡಿದರೆ ಕೆರ್ ಮೊದಲು, ಬ್ರೌನ್ ಎರಡನೆಯವರು, ಕಥೆ ಮುಗಿಯಿತು. ಆದರೆ ತರಬೇತುದಾರ ಫಿಲ್ ಜ್ಯಾಕ್ಸನ್ ಇಬ್ಬರಲ್ಲಿ ಯಾರು ಜಾಣರು ಎಂದು ನೋಡುತ್ತಿರಲಿಲ್ಲ. ಉಳಿದ ನಾಲ್ವರ ಜೊತೆ ಯಾರು ಕೂಡಿಬರುತ್ತಾರೆ ಎಂದು ನೋಡುತ್ತಿದ್ದರು.

ಜ್ಯಾಕ್ಸನ್‌ರ ಸಹಾಯಕ ಟೆಕ್ಸ್ ವಿಂಟರ್ ಎಂಬ ಹಿರಿಯರು ಬುಲ್ಸ್‌ಗೆ ತ್ರಿಕೋನದ ಆಟ ಕಲಿಸಿದ್ದರು. ಮೂವರು ಒಂದು ಬದಿಯಲ್ಲಿ ತ್ರಿಕೋನವಾಗಿ ನಿಲ್ಲುತ್ತಾರೆ, ಇಬ್ಬರು ಇನ್ನೊಂದು ಬದಿಯಲ್ಲಿ. ಎದುರಾಳಿ ಎಲ್ಲಿ ಜಾಗ ಬಿಟ್ಟರೆ ಚೆಂಡು ಅತ್ತ ಹರಿಯುತ್ತದೆ. ಇದರಲ್ಲಿ ಚೆಂಡನ್ನು ಸದಾ ಒಬ್ಬನೇ ಗಾರ್ಡ್ ಹಿಡಿದಿರಬೇಕಾಗಿಲ್ಲ. ಜೋರ್ಡಾನ್, ಪಿಪ್ಪೆನ್ ತಾವೇ ಒಯ್ಯುತ್ತಿದ್ದರು. ಹೀಗಾಗಿ ಇನ್ನೊಬ್ಬ ಗಾರ್ಡ್‌ನಿಂದ ಬೇಕಾಗಿದ್ದುದು ಇಷ್ಟೇ: ದೂರದಲ್ಲಿ ನಿಂತು ಕಾಯಬೇಕು, ಚೆಂಡು ಬಂದರೆ ತಪ್ಪಿಸಬಾರದು. ಜೋರ್ಡಾನ್‌ರ ಮೇಲೆ ಇಬ್ಬರು ಮುಗಿಬಿದ್ದರೆ ಒಬ್ಬ ಬಿಡುವಾಗಲೇಬೇಕಲ್ಲ? ಆ ಬಿಡುವಾದವನು ಕೆರ್ ಆಗಿದ್ದರೆ ಎದುರಾಳಿಗೆ ಕಷ್ಟ. ಬ್ರೌನ್ ಆಗಿದ್ದರೆ ಅಷ್ಟು ಭಯವಿಲ್ಲ. ಅವರನ್ನು ಬಿಟ್ಟು ನಿರಾಳವಾಗಿ ಜೋರ್ಡಾನ್‌ರನ್ನು ಮುತ್ತಬಹುದು.

ಹಾಗಾದರೆ ಕೆರ್‌ರಲ್ಲಿ ಕೊರತೆ ಇರಲಿಲ್ಲವೇ? ಇತ್ತು. ವೇಗ ಕಡಿಮೆ, ಆರಡಿ ಮೂರಂಗುಲದ ಸಾಧಾರಣ ಮೈಕಟ್ಟು. ಚುರುಕಾದ ಗಾರ್ಡ್ ಎದುರಿಗೆ ಬಂದರೆ ತಡೆಯುವುದು ಕಷ್ಟ. ಆದರೆ ಆ ಚುರುಕಾದವನನ್ನು ಜೋರ್ಡಾನ್, ಪಿಪ್ಪೆನ್ ಅಥವಾ ಹಾರ್ಪರ್ ವಹಿಸಿಕೊಂಡು, ಕಡಿಮೆ ಅಪಾಯದವನನ್ನು ಕೆರ್‌ಗೆ ಬಿಡಬಹುದಾಗಿತ್ತು. ಅಂದರೆ ಕೆರ್‌ರ ಕೊರತೆಯನ್ನು ತಂಡ ಮುಚ್ಚಬಲ್ಲದು. ಬ್ರೌನ್‌ರದನ್ನು ಮುಚ್ಚುವುದು ಕಷ್ಟ. ಎದುರಾಳಿಯನ್ನು ತಡೆಯುವ ಬ್ರೌನ್‌ರ ಗುಣ ದೊಡ್ಡದೇ, ಆದರೆ ಆ ಗುಣದವರು ತಂಡದಲ್ಲಿ ಆಗಲೇ ಮೂರು ನಾಲ್ಕು ಜನ ಇದ್ದರು. ಅಡುಗೆಮನೆಯಲ್ಲಿ ಅಕ್ಕಿ ಮೂಟೆ ಇದ್ದು ಉಪ್ಪು ಇಲ್ಲದಿದ್ದರೆ ಅಂಗಡಿಯಿಂದ ಮೊದಲು ಏನು ತರುತ್ತೀರಿ? ಅಕ್ಕಿ ಕೆಟ್ಟದ್ದೆಂದಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಬ್ರೌನ್ ಆ ತಂಡದಲ್ಲಿ ತಪ್ಪು ಕಾಲಕ್ಕೆ ಸಿಕ್ಕಿಬಿದ್ದ ಒಳ್ಳೆಯ ಆಟಗಾರ. ಶಿಕಾಗೊದಲ್ಲೇ ಹುಟ್ಟಿದವರು, ಸ್ಯಾಕ್ರಮೆಂಟೊದಲ್ಲಿ ನಾಲ್ಕು ವರ್ಷ ಆಡಿ 1995ರಲ್ಲಿ ಊರಿಗೆ ಮರಳಿದ್ದರು. ಎದುರಾಳಿ ಗಾರ್ಡ್ ಲಯ ಹಿಡಿದಾಗ ಐದಾರು ನಿಮಿಷ ಬ್ರೌನ್‌ರನ್ನು ಬಿಟ್ಟು ಆ ಲಯ ಕೆಡಿಸುವುದು ಜ್ಯಾಕ್ಸನ್‌ರ ಉಪಾಯ. ಅಂಥ ಐದು ನಿಮಿಷ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ.

ಬದಲಿ ಆಟಗಾರರ ಮಿತಿಯೂ ಆ ವರ್ಷವೇ ಗೊತ್ತಾಯಿತು. 1996ರ ಫೈನಲ್‌ನಲ್ಲಿ ಎದುರಿಗಿದ್ದುದು ಸಿಯಾಟಲ್. ಬುಲ್ಸ್ ಮೊದಲ ಮೂರು ಪಂದ್ಯ ಗೆದ್ದಿತು. ಮಂಡಿ ನೋವಿನಿಂದ ಹಾರ್ಪರ್ ನಾಲ್ಕನೆಯ ಮತ್ತು ಐದನೆಯ ಪಂದ್ಯದಲ್ಲಿ ಆಡಿದ್ದೇ ಇಲ್ಲವೆನ್ನುವಷ್ಟು ಕಡಿಮೆ. ಎರಡನ್ನೂ ಬುಲ್ಸ್ ಸೋತಿತು. ಆರನೆಯದರಲ್ಲಿ ಹಾರ್ಪರ್ ನೋವು ನುಂಗಿಕೊಂಡು ಬಂದರು, 87-75ರಿಂದ ಗೆದ್ದರು. ತಡೆಯುವುದು, ಚೆಂಡು ಒಯ್ಯುವುದು, ಬೇಕೆಂದಾಗ ಅಂಕ ಗಳಿಸುವುದು ಈ ಮೂರೂ ಹಾರ್ಪರ್ ಒಬ್ಬರಲ್ಲೇ ಇತ್ತು. ಕೆರ್‌ರಲ್ಲಿ ಒಂದು ತುಂಡು, ಬ್ರೌನ್‌ರಲ್ಲಿ ಇನ್ನೊಂದು ತುಂಡು. ಇಬ್ಬರನ್ನೂ ಒಟ್ಟಿಗೆ ಹೊಲಿಯಲು ಬರುವುದಿಲ್ಲವಲ್ಲ!

ಕೆರ್ ಆ ಬೆಂಚಿಗೆ ಸುಲಭವಾಗಿ ಬಂದವರಲ್ಲ. 1988ರ ಆಯ್ಕೆಯಲ್ಲಿ ಅವರ ಹೆಸರು ಬಂದದ್ದು ಐವತ್ತನೆಯದಾಗಿ. ಕಾಲೇಜಿನಲ್ಲಿದ್ದಾಗ, 1984ರಲ್ಲಿ, ಬೇರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ತಂದೆಯನ್ನು ಬಂದೂಕುಧಾರಿಗಳು ಕೊಂದರು. ಎರಡು ವರ್ಷದ ನಂತರ ಮಂಡಿ ಮುರಿದು ಒಂದು ಇಡೀ ಸಾಲು ಕುಳಿತರು. 1995ರ ಅಭ್ಯಾಸ ಶಿಬಿರದಲ್ಲಿ ಜೋರ್ಡಾನ್ ಇವರನ್ನು ಕೆಣಕಿದಾಗ ಇವರು ಎದುರಾಡಿದರು, ಜೋರ್ಡಾನ್ ಮುಖಕ್ಕೆ ಗುದ್ದಿದರು. ಜ್ಯಾಕ್ಸನ್ ಜೋರ್ಡಾನ್‌ರನ್ನೇ ಅಭ್ಯಾಸದಿಂದ ಹೊರಗೆ ಕಳಿಸಿದರು. ಆಮೇಲೆ ಜೋರ್ಡಾನ್ ಫೋನ್ ಮಾಡಿ ಕ್ಷಮೆ ಕೇಳಿದರು. ಅಲ್ಲಿಂದ ಮುಂದೆ ಇಬ್ಬರ ಸಂಬಂಧ ಸುಧಾರಿಸಿತೆಂದು ಕೆರ್ ಅವರೇ ಹೇಳಿದ್ದಾರೆ. (ಮಕ್ಕಳೇ, ಇದನ್ನು ಶಾಲೆಯಲ್ಲಿ ಪ್ರಯೋಗ ಮಾಡಬೇಡಿ.)

1997ರ ಫೈನಲ್, ಯೂಟಾ ವಿರುದ್ಧ. ನಾಲ್ಕನೆಯ ಪಂದ್ಯದ ಕೊನೆಯಲ್ಲಿ ಕೆರ್‌ರ ಒಂದು ಎಸೆತ ತಪ್ಪಿ ತಂಡ ಸೋತಿತ್ತು. ಜೋರ್ಡಾನ್ ಆಮೇಲೆ ಹೇಳಿದಂತೆ, ಕೆರ್ ಆ ರಾತ್ರಿ ಗಂಟೆಗಟ್ಟಲೆ ದಿಂಬಿನಲ್ಲಿ ಮುಖ ಹುದುಗಿಸಿಕೊಂಡಿದ್ದರಂತೆ. ಆರನೆಯ ಪಂದ್ಯ ಜೂನ್ 13ರಂದು, ಅಂಕ 86-86. ವಿರಾಮದಲ್ಲಿ ಜೋರ್ಡಾನ್ ಕೆರ್‌ರತ್ತ ತಿರುಗಿ, ಸ್ಟಾಕ್‌ಟನ್ ನಿನ್ನನ್ನು ಬಿಟ್ಟು ನನ್ನ ಮೇಲೆ ಬರುತ್ತಾನೆ ಎಂದರು. ಸಿದ್ಧನಿರುತ್ತೇನೆ ಎಂದರು ಕೆರ್. ಹಾಗೆಯೇ ಆಯಿತು. ಸ್ಟಾಕ್‌ಟನ್ ಜೋರ್ಡಾನ್‌ರತ್ತ ನುಗ್ಗಿದರು, ಚೆಂಡು ಕೆರ್ ಕೈಗೆ ಬಂತು, ಐದು ಸೆಕೆಂಡ್ ಉಳಿದಿರುವಾಗ ಬುಟ್ಟಿಗೆ ಬಿತ್ತು. ಬುಲ್ಸ್ 90-86ರಿಂದ ಗೆದ್ದು ಚಾಂಪಿಯನ್ ಆಯಿತು. ಊರಿನ ಸಂಭ್ರಮಾಚರಣೆಯಲ್ಲಿ ಕೆರ್, ಕೊನೆಯ ಎಸೆತಕ್ಕೆ ಜೋರ್ಡಾನ್‌ಗೆ ಧೈರ್ಯ ಸಾಲಲಿಲ್ಲ, ಮತ್ತೆ ನಾನೇ ಕಾಪಾಡಬೇಕಾಯಿತು ಎಂದು ನಗಿಸಿದರು.

ಬ್ರೌನ್‌ರಿಗೆ ಅಂಥ ಚಿತ್ರ ಇಲ್ಲ. ಮೂರು ಚಾಂಪಿಯನ್ ಉಂಗುರಗಳಿವೆ, ಕೆರ್ ಬುಲ್ಸ್‌ನಲ್ಲಿ ಪಡೆದಷ್ಟೇ. 1998ರ ನಂತರ ಜೋರ್ಡಾನ್ ನಿವೃತ್ತರಾಗಿ, ಪಿಪ್ಪೆನ್, ರಾಡ್‌ಮನ್, ಕೆರ್ ಎಲ್ಲ ಹೊರಟುಹೋದ ಮೇಲೆ ಬ್ರೌನ್ ಉಳಿದರು. ಬೆಂಚಿನಿಂದ ಎದ್ದು ಮೊದಲ ಐವರಲ್ಲಿ ನಿಂತರು, ಆ ತಂಡದಲ್ಲಿ ಹಿಂದೆಂದೂ ಸಿಗದಷ್ಟು ಹೊತ್ತು ಆಡಿದರು. ಆ ಸಾಲಿನ 50 ಪಂದ್ಯಗಳಲ್ಲಿ ಬುಲ್ಸ್ ಗೆದ್ದದ್ದು 13.

ತಾಯಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಬಲವಾದ ತಂಡದ ಬೆಂಚಿನ ಮೇಲಿನ ಹುಡುಗ ಬೇರೆ ಶಾಲೆಯಲ್ಲಿ ಮೊದಲ ಐವರಲ್ಲಿ ಇರಬಹುದು. ಎರಡು ಗಂಟೆ ಓದಿಗೆ ಅಡ್ಡಿಯಾದರೆ ಒಂದು ಗಂಟೆಗೆ ಇಳಿಸಿ, ಬಿಡಿಸುವ ಮುನ್ನ ಒಂದು ಪಂದ್ಯ ನೋಡಲು ಹೋಗಿ. ಚೆಂಡನ್ನಲ್ಲ, ನಿಮ್ಮ ಮಗ ಹಿಡಿದು ನಿಂತ ಎದುರಾಳಿಯನ್ನು ನೋಡಿ.

ಹುಡುಗನಿಗೆ: ನಿಮ್ಮ ಸಾರ್ ಹತ್ತಿರ "ನನ್ನನ್ನು ಯಾಕೆ ಇಳಿಸಲ್ಲ?" ಎಂದು ಕೇಳಬೇಡಪ್ಪ. "ನಮ್ಮ ಐವರಲ್ಲಿ ಏನು ಕಡಿಮೆ ಇದೆ ಸಾರ್?" ಎಂದು ಕೇಳು. ದೂರದ ಎಸೆತ ಎಂದರೆ, ಗೆರೆಯ ಒಂದು ಮೂಲೆ ಆರಿಸಿಕೊಂಡು ದಿನಾ ಅಲ್ಲಿಂದಲೇ ಐವತ್ತು ಎಸೆ. ಎಲ್ಲ ಕಡೆಯಿಂದ ಬೇಡ, ಎದುರಾಳಿ ನಿನ್ನನ್ನು ಬಿಟ್ಟುಹೋಗದಷ್ಟು ಬಂದರೆ ಸಾಕು. ತಡೆಯುವವರೇ ಕಡಿಮೆ ಎಂದರೆ ನಿನ್ನ ಕೆಲಸ ಆಗಲೇ ಅರ್ಧ ಮುಗಿದಿದೆ. ಅವರು ಏನು ಹೇಳಿದರೆಂದು ಬರೆ. ನಿಮ್ಮ ಮೊದಲ ಐವರು ಯಾರ್‍ಯಾರು, ಯಾರಿಗೆ ಏನು ಬರುತ್ತದೆ ಎಂಬುದನ್ನೂ ಬರೆ, ನಾನೂ ಒಂದು ಲೆಕ್ಕ ಹಾಕಿ ನೋಡುತ್ತೇನೆ.