ಅಮೀರನ ನೀಲಿ ನಿಲುವಂಗಿ

ಬಿಳಿ ಮುಂಡಾಸು, ಕಪ್ಪು ಗಡ್ಡ, ಕೈಯಲ್ಲೊಂದು ಕತ್ತಿ. ಕುರ್ಚಿ ತುಂಬುವಂತೆ ಕುಳಿತ ಸ್ಥೂಲಕಾಯದ ಮನುಷ್ಯ. ಮೈಮೇಲೆ ಹೂವಿನ ಚಿತ್ತಾರದ ಕಡುನೀಲಿ ನಿಲುವಂಗಿ. ಮೊನ್ನೆ ತಾನೇ ಯಾರೋ ಮೊಬೈಲಿನಲ್ಲಿ ತೆಗೆದ ಚಿತ್ರವಿರಬೇಕು ಎನ್ನಿಸುತ್ತದೆ. ಆದರೆ ತೆಗೆದದ್ದು 1911ರಲ್ಲಿ. ಈತ ಬುಖಾರಾದ ಕೊನೆಯ ಅಮೀರ ಆಲಿಂ ಖಾನ್. ಬುಖಾರಾ ಈಗ ಉಜ್ಬೇಕಿಸ್ತಾನದಲ್ಲಿದೆ. ಆಗ ರಷ್ಯಾ ಸಾಮ್ರಾಜ್ಯದ ನೆರಳಿನಲ್ಲಿತ್ತು.

ಅಂತರ್ಜಾಲದಲ್ಲಿ ಸಿಕ್ಕ ಈ ಚಿತ್ರವನ್ನು ತರಗತಿಯಲ್ಲಿ ತೋರಿಸಿದೊಡನೆ ಹಿಂದಿನ ಬೆಂಚಿನಿಂದ ಮಾತು ಬಂತು: “ಸಾರ್, ಅದು ಕಂಪ್ಯೂಟರಿನಲ್ಲಿ ಬಣ್ಣ ಬಳಿದದ್ದು.” ಅನುಮಾನ ಒಳ್ಳೆಯದೇ. ಆದರೆ ಇಲ್ಲಿನ ಬಣ್ಣ ಯಾರೂ ಬಳಿದದ್ದಲ್ಲ, 1911ರಲ್ಲಿಯೇ ಅಳೆದಿಟ್ಟದ್ದು.

ಅಳೆದವನು ಸರ್ಗೆಯಿ ಪ್ರೊಕುದಿನ್-ಗೋರ್ಸ್ಕಿ ಎಂಬ ರಷ್ಯನ್ ರಸಾಯನತಜ್ಞ. 1863ರಲ್ಲಿ ಹುಟ್ಟಿದ ಈತ 1902ರಲ್ಲಿ ಬರ್ಲಿನ್ನಿಗೆ ಹೋಗಿ ಅಡಾಲ್ಫ್ ಮೀಥೆ ಎಂಬ ವಿಜ್ಞಾನಿಯ ಬಳಿ ವರ್ಣಛಾಯಾಗ್ರಹಣ ಕಲಿತ. 1908ರಲ್ಲಿ ಟಾಲ್‌ಸ್ಟಾಯ್ ಅವರ ವರ್ಣಚಿತ್ರ ತೆಗೆದು ಹೆಸರಾದ. ಮರುವರ್ಷ ಚಕ್ರವರ್ತಿ ಎರಡನೇ ನಿಕೊಲಾಸ್ ಈತನ ಚಿತ್ರಗಳನ್ನು ಪರದೆಯ ಮೇಲೆ ನೋಡಿ ಮೆಚ್ಚಿ, ಡಾರ್ಕ್‌ರೂಮ್ ಇದ್ದ ಒಂದು ರೈಲುಬೋಗಿಯನ್ನೇ ಕೊಡಿಸಿದ. 1915ರವರೆಗೆ ಈತ ಸಾಮ್ರಾಜ್ಯವನ್ನು ಸುತ್ತಿದ. ಮಠಗಳು, ಸೇತುವೆಗಳು, ಚಹಾ ತೋಟಗಳು, ತಟ್ಟೆಯಲ್ಲಿ ಹಣ್ಣು ಹಿಡಿದು ನಿಂತ ಹಳ್ಳಿಯ ಹುಡುಗಿಯರು, ಎಲ್ಲವೂ ಗಾಜಿನ ಮೇಲೆ ಮೂಡಿದವು. ಕ್ರಾಂತಿಯ ನಂತರ 1918ರಲ್ಲಿ ದೇಶ ಬಿಟ್ಟು, 1944ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಉಳಿದ 1,902 ನೆಗೆಟಿವ್‌ಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1948ರಲ್ಲಿ ಆತನ ವಾರಸುದಾರರಿಂದ ಕೊಂಡಿತು. ಈಗ ಅವೆಲ್ಲವೂ ಅದರ ಜಾಲತಾಣದಲ್ಲಿವೆ. ಯಾರು ಬೇಕಾದರೂ ಕಾಸು ಕೊಡದೆ ಇಳಿಸಿಕೊಳ್ಳಬಹುದು.

ಇಳಿಸಿಕೊಂಡರೆ ಮೊದಲಿಗೆ ನಿರಾಶೆಯೇ. ಬಣ್ಣವೇ ಇಲ್ಲ! ಉದ್ದನೆಯ ಪಟ್ಟಿಯಲ್ಲಿ ಒಂದರ ಕೆಳಗೊಂದು ಮೂರು ಕಪ್ಪು ಬಿಳುಪು ಚಿತ್ರ. ಗುಟ್ಟು ಇರುವುದು ಅಲ್ಲೇ. ಪ್ರೊಕುದಿನ್-ಗೋರ್ಸ್ಕಿ ಒಂದೇ ದೃಶ್ಯವನ್ನು ಬೆನ್ನುಬೆನ್ನಿಗೆ ಮೂರು ಸಲ ತೆಗೆಯುತ್ತಿದ್ದ: ಒಮ್ಮೆ ನೀಲಿ, ಒಮ್ಮೆ ಹಸಿರು, ಒಮ್ಮೆ ಕೆಂಪು ಶೋಧಕದ ಮೂಲಕ. ನೀಲಿ ಶೋಧಕದ ಚಿತ್ರದಲ್ಲಿ ಅಮೀರನ ನಿಲುವಂಗಿ ಬೆಳ್ಳಗಿದೆ, ಕೆಂಪಿನದರಲ್ಲಿ ಕಪ್ಪಗಿದೆ. ಅಂದರೆ ನಿಲುವಂಗಿಯಿಂದ ನೀಲಿ ಬೆಳಕು ಹೆಚ್ಚು ಬಂತು, ಕೆಂಪು ಕಡಿಮೆ ಬಂತು. ಮೂರನ್ನೂ ಅದೇ ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಪರದೆಗೆ ಬಿಟ್ಟರೆ ನೀಲಿ ಮರಳಿ ಬರುತ್ತದೆ.

ಮನೆಯಲ್ಲಿ ಪರೀಕ್ಷಿಸಲು ಕೆಂಪು ಜಿಲೆಟಿನ್ ಕಾಗದದ ಚೂರು ಸಾಕು. ಅದನ್ನು ಕಣ್ಣಿಗೆ ಹಿಡಿದು ಕೆಂಪು ದಾಸವಾಳದ ಗಿಡ ನೋಡಿ. ಹೂ ಉಜ್ವಲ, ಎಲೆ ಮಬ್ಬು. ಹಸಿರು ಕಾಗದ ಹಿಡಿದರೆ ಹೂ ಕಪ್ಪಾಗುತ್ತದೆ.

ಈ ಉಪಾಯ ಮೂಲತಃ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್‌ನದು. ವಿದ್ಯುತ್ಕಾಂತ ಅಲೆಗಳ ಪಾಠದಲ್ಲಿ ಬರುವ ಅದೇ ಮ್ಯಾಕ್ಸ್‌ವೆಲ್. 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಚೌಕಳಿ ರಿಬ್ಬನ್ನೊಂದನ್ನು ಹೀಗೆ ಬಣ್ಣದಲ್ಲಿ ತೋರಿಸಿದ. ತಮಾಷೆಯೆಂದರೆ ಅಂದಿನ ಪ್ಲೇಟುಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಹಾಗಾದರೆ ಕೆಂಪು ಹೇಗೆ ಮೂಡಿತು? ನೂರು ವರ್ಷಗಳ ಬಳಿಕ ಕೊಡಾಕ್ ಕಂಪನಿಯ ಸಂಶೋಧಕರು ಉತ್ತರ ಕಂಡುಹಿಡಿದರು. ರಿಬ್ಬನ್ನಿನ ಕೆಂಪು ಭಾಗ ನೇರಳಾತೀತ ಕಿರಣಗಳನ್ನೂ ಪ್ರತಿಫಲಿಸುತ್ತಿತ್ತು, ಅವು ಕೆಂಪು ಶೋಧಕದಿಂದ ನುಸುಳಿ ಪ್ಲೇಟಿನ ಮೇಲೆ ಬಿದ್ದಿದ್ದವು. ಸಿದ್ಧಾಂತ ಸರಿ, ಪ್ರಯೋಗ ಗೆದ್ದದ್ದು ಅದೃಷ್ಟದಿಂದ!

ನಿಮ್ಮ ಮೊಬೈಲ್ ಕ್ಯಾಮೆರಾ ಮಾಡುವುದೂ ಇದನ್ನೇ. ಅದರ ಸಂವೇದಕದ ಒಂದೊಂದು ಬಿಂದುವಿನ ಮೇಲೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದು ಪುಟ್ಟ ಶೋಧಕ ಕೂತಿರುತ್ತದೆ. ಮೂರು ಅಳತೆಗಳೂ ಏಕಕಾಲಕ್ಕೆ ಆಗುತ್ತವೆ. ಪ್ರೊಕುದಿನ್-ಗೋರ್ಸ್ಕಿಗೆ ಆ ಅನುಕೂಲವಿರಲಿಲ್ಲ. ಮೂರು ಚಿತ್ರಗಳ ನಡುವೆ ಒಂದಿಷ್ಟು ಕ್ಷಣ ಕಳೆಯುತ್ತಿತ್ತು. ಅಷ್ಟರಲ್ಲಿ ಹೊಳೆಯ ನೀರು ಹರಿದು ಅಲೆಗಳಿಗೆ ಕಾಮನಬಿಲ್ಲಿನ ಅಂಚು ಹತ್ತಿದೆ, ಅಲುಗಾಡಿದವರ ಸುತ್ತ ಕೆಂಪು, ಹಸಿರು ನೆರಳು ಮೂಡಿದೆ. ನನಗೆ ಈ ದೋಷಗಳೇ ಹೆಚ್ಚು ಇಷ್ಟ. ಚಿತ್ರ ಹೇಗೆ ಹುಟ್ಟಿತು ಎಂಬುದಕ್ಕೆ ಅವೇ ಸಾಕ್ಷಿ. 2015ರ ಜುಲೈನಲ್ಲಿ ಡಿಸ್ಕವರ್ ಉಪಗ್ರಹ ಹದಿನೈದು ಲಕ್ಷ ಕಿಲೋಮೀಟರ್ ದೂರದಿಂದ ಭೂಮಿಯ ಮುಂದೆ ಹಾದುಹೋಗುವ ಚಂದ್ರನ ಚಿತ್ರ ತೆಗೆಯಿತು. ಅದರ ಕ್ಯಾಮೆರಾ ಕೂಡ ಬಣ್ಣಗಳನ್ನು ಒಂದಾದ ಮೇಲೊಂದರಂತೆ ಹಿಡಿಯುತ್ತದೆ. ನಡುವೆ ಚಂದ್ರ ಸರಿದದ್ದರಿಂದ ಅವನ ಒಂದು ಪಕ್ಕಕ್ಕೆ ತೆಳ್ಳನೆಯ ಹಸಿರು ಅಂಚು!

ಈಗ ಹಿಂದಿನ ಬೆಂಚಿನವನ ಅನುಮಾನಕ್ಕೆ ಬರೋಣ. ಹಳೆಯ ಕಪ್ಪು ಬಿಳುಪು ಫೋಟೋಗಳಿಗೆ ಬಣ್ಣ ಕೊಡುವ ತಂತ್ರಾಂಶಗಳು ಈಗ ಎಲ್ಲರ ಮೊಬೈಲಿನಲ್ಲೂ ಇವೆ. ರಾಷ್ಟ್ರನಾಯಕರ ಬಣ್ಣದ ಚಿತ್ರಗಳು ದಿನಕ್ಕೊಂದು ವಾಟ್ಸಾಪಿನಲ್ಲಿ ಬರುತ್ತವೆ. ಮಕ್ಕಳು ಅದನ್ನೇ ನಿಜವೆಂದು ನಂಬುತ್ತಾರೆ, ದೊಡ್ಡವರೂ ಅಷ್ಟೇ. ಆದರೆ ಒಂದೇ ಕಪ್ಪು ಬಿಳುಪು ಚಿತ್ರದಲ್ಲಿ ಪ್ರತಿ ಬಿಂದುವಿಗೂ ಇರುವುದು ಒಂದೇ ಅಳತೆ, ಬಣ್ಣಕ್ಕೆ ಬೇಕಾದದ್ದು ಮೂರು. ಮೂರು ಸಂಖ್ಯೆಗಳ ಮೊತ್ತ ಹನ್ನೆರಡು, ಆ ಸಂಖ್ಯೆಗಳು ಯಾವುವು ಹೇಳು ಎಂದರೆ ಯಾರು ತಾನೇ ಹೇಳಬಲ್ಲರು? ತಂತ್ರಾಂಶ ಲಕ್ಷಾಂತರ ಚಿತ್ರ ನೋಡಿ ಕಲಿತ ಬಲದಿಂದ ಊಹಿಸುತ್ತದೆ. ಎಲೆ ಹಸಿರು, ಆಕಾಶ ನೀಲಿ ಎಂಬ ಊಹೆ ಬಹುಪಾಲು ಸರಿಹೋಗುತ್ತದೆ. ಸೀರೆಯ ಮಾತು ಬೇರೆ.

ನಮ್ಮ ಶಾಲೆಯ ಹುಡುಗಿಯೊಬ್ಬಳು ಅಜ್ಜಿಯ ಮದುವೆ ಫೋಟೋಗೆ ಹೀಗೆ ಬಣ್ಣ ಕೊಟ್ಟಿದ್ದಳು. ಸೀರೆ ನೇರಳೆ ಬಂತು. ಅಜ್ಜಿ ನಕ್ಕು, “ಅಯ್ಯೋ, ನನ್ನ ಧಾರೆ ಸೀರೆ ಹಸಿರು ಕಣೇ, ಕೆಂಪು ಅಂಚು” ಎಂದರಂತೆ. ಆ ಹಸಿರು ಈಗ ಉಳಿದಿರುವುದು ಅಜ್ಜಿಯ ನೆನಪಿನಲ್ಲಿ ಮಾತ್ರ. ನಾಳೆ ಆ ನೇರಳೆ ಸೀರೆಯ ಫೋಟೋವೇ ಚೌಕಟ್ಟಿನಲ್ಲಿ ಕೂತರೆ ಮೊಮ್ಮಕ್ಕಳ ಮಕ್ಕಳಿಗೆ ಅದೇ ಸತ್ಯ. ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೆ: ಹಿರಿಯರು ಇರುವಾಗಲೇ ಕೇಳಿ ಫೋಟೋದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಬಣ್ಣ ಕೊಟ್ಟ ಪ್ರತಿಯ ಜೊತೆಗೆ ಮೂಲ ಪ್ರತಿಯನ್ನೂ ಇಟ್ಟುಕೊಳ್ಳಿ.

ಪ್ರೊಕುದಿನ್-ಗೋರ್ಸ್ಕಿಯ ಚಿತ್ರಗಳನ್ನು ಜೋಡಿಸಿ ನೋಡುವ ಆಸೆಯಿದ್ದರೆ ಜಿಂಪ್ ಎಂಬ ಉಚಿತ ತಂತ್ರಾಂಶ ಸಾಕು. ಪಟ್ಟಿಯನ್ನು ಮೂರು ತುಂಡು ಮಾಡಿ. ಮೇಲಿನದು ನೀಲಿ, ನಡುವಿನದು ಹಸಿರು, ಕೆಳಗಿನದು ಕೆಂಪು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಇವನ್ನು ತಾನಾಗಿ ಹೊಂದಿಸುವ ಪ್ರೋಗ್ರಾಮ್ ಬರೆಯಿರಿ ಎಂದು ವಿದ್ಯಾರ್ಥಿಗಳಿಗೆ ಮನೆಗೆಲಸ ಕೊಟ್ಟದ್ದುಂಟು. ಬೆಳಕು ಕತ್ತಲೆ ಹೋಲಿಸಿ ಹೊಂದಿಸುವ ಸರಳ ಪ್ರೋಗ್ರಾಮ್ ಅನೇಕ ಚಿತ್ರಗಳಲ್ಲಿ ಗೆಲ್ಲುತ್ತದೆ, ಅಮೀರನ ಮುಂದೆ ಸೋಲುತ್ತದೆ. ಒಂದರಲ್ಲಿ ಬೆಳ್ಳಗೆ, ಇನ್ನೊಂದರಲ್ಲಿ ಕಪ್ಪಗೆ ಇರುವ ನಿಲುವಂಗಿ ಅದಕ್ಕೆ ದಿಕ್ಕು ತಪ್ಪಿಸುತ್ತದೆ. ನಮ್ಮ ಹತ್ತನೇ ತರಗತಿಯ ಮೂವರು ಕತ್ತಿಯ ಹಿಡಿಯನ್ನು ಗುರುತು ಮಾಡಿಕೊಂಡು ಕಣ್ಣಳತೆಯಲ್ಲೇ ಒಂದು ಮಧ್ಯಾಹ್ನದಲ್ಲಿ ಹೊಂದಿಸಿದರು. ತೋಳಿನ ಅಂಚಿಗೆ ಸಣ್ಣದೊಂದು ಕೆಂಪು ಗೆರೆ ಉಳಿದಿದೆ. ಇರಲಿ ಬಿಡಿ ಎಂದೆ.