ಮೊಸಳೆ ಬಂತು, ಗುಂಡಿ ಮುಚ್ಚಿತು, ಇಳಿದವರು ಯಾರು?

2015ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ಒಂದು ಮೊಸಳೆ ಕಾಣಿಸಿಕೊಂಡಿತು. ನೀರಿನ ಪೈಪು ಒಡೆದು ರಸ್ತೆ ಕುಸಿದು ಅಲ್ಲಿ 12 ಅಡಿ ಉದ್ದದ ಗುಂಡಿ ಬಿದ್ದಿತ್ತು. ವಾರಗಳು ಕಳೆದರೂ ಕೇಳುವವರಿಲ್ಲ. ಬಾದಲ್ ನಂಜುಂಡಸ್ವಾಮಿ ಎಂಬ ಕಲಾವಿದರು 20 ಕೆ.ಜಿ. ತೂಕದ ಒಂದು ಮೊಸಳೆ ಮಾಡಿ ತಂದು ಆ ಗುಂಡಿಯೊಳಗೆ ಮಲಗಿಸಿ, ಸುತ್ತ ಕೆರೆಯ ನೀರಿನ ಹಾಗೆ ಹಸಿರು ಬಣ್ಣ ಬಳಿದರು. ಖರ್ಚು ಸುಮಾರು 6,000 ರೂಪಾಯಿ. ಜನ ನಿಂತು ನೋಡಿದರು, ನಕ್ಕರು, ಫೋಟೋ ಹಿಡಿದರು. ಪೇಪರಿನವರು ಬಂದರು, ಟೀವಿಯವರು ಬಂದರು. ಅವರ ಬೆನ್ನಿಗೇ ಆಗಿನ ಬಿಬಿಎಂಪಿಯ ಲಾರಿ ಬಂತು. ಗುಂಡಿ ಮುಚ್ಚಿತು.

ಈ ಮನುಷ್ಯನ ಬಗ್ಗೆ ಹಾಸ್ಟೆಲಿನ ಗೆಳೆಯರು ತಿಳಿದುಕೊಳ್ಳಬೇಕು ಅಂತ ನಮ್ಮ ಆಸೆ. ಮೈಸೂರಿನ ಕುಕ್ಕರಹಳ್ಳಿಯವರು. ಅಲ್ಲೇ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಅಂದರೆ ನಾವೆಲ್ಲ ಕಾವಾ ಅಂತ ಕರೆಯೋ ಕಡೆ, ಕಲಿತವರು. ಜಾಹೀರಾತು ಕಂಪನಿಯ ನೌಕರಿ ಹಿಡಿದು, ಬಿಟ್ಟು ಬಂದವರು. ಗ್ಯಾಲರಿಯ ಬಿಳಿ ಗೋಡೆ, ಎ.ಸಿ. ರೂಮು, ಕೈಯಲ್ಲಿ ಗ್ಲಾಸು ಹಿಡಿದು ಪಿಸುಮಾತಾಡುವ ರಸಿಕರು, ಇದನ್ನೆಲ್ಲ ಪಕ್ಕಕ್ಕಿಟ್ಟು ಒಡೆದ ರಸ್ತೆಯನ್ನೇ ತನ್ನ ಕಾರ್ಯಾಗಾರ ಮಾಡಿಕೊಂಡರು. 2017ರ ಅಕ್ಟೋಬರಿನಲ್ಲಿ ಮಳೆ ಸುರಿದು ರಸ್ತೆಗಳು ಹೊಂಡವಾದಾಗ ಕಬ್ಬನ್ ರಸ್ತೆಯ ಹತ್ತಿರದ ಗುಂಡಿಯಲ್ಲಿ ನಟಿ ಸೋನು ಗೌಡ ಅವರನ್ನು ಮತ್ಸ್ಯಕನ್ಯೆಯಾಗಿ ಕೂರಿಸಿದರು. 2019ರ ಸೆಪ್ಟೆಂಬರಿನಲ್ಲಿ, ಇಡೀ ದೇಶ ಚಂದ್ರಯಾನ-2 ಚಂದ್ರನ ಮೇಲೆ ಇಳಿಯುವುದನ್ನು ಕಾಯುತ್ತಿದ್ದಾಗ, ಹೇರೋಹಳ್ಳಿಯ ಕಡೆಯ ಒಂದು ರಸ್ತೆಯಲ್ಲಿ ರಂಗನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿಯ ಉಡುಪು ತೊಡಿಸಿ ರಾತ್ರಿ ಹೊತ್ತು ನಡೆಸಿದರು. ನೋಡಿದವರು ಚಂದ್ರನೇ ಅಂದುಕೊಂಡರು. ಆಮೇಲೆ ಪಕ್ಕದಲ್ಲಿ ಒಂದು ಆಟೋ ಹಾದುಹೋಯಿತು. ಅಷ್ಟೇ! ಮರುದಿನವೇ ಆ ರಸ್ತೆಗೆ ರಿಪೇರಿ.

ಇದು ಬರೀ ತಮಾಷೆ ಅನ್ನುವವರು ಇದ್ದಾರೆ. ನಾವು ಒಪ್ಪುವುದಿಲ್ಲ. ನಮ್ಮ ದೇಶದಲ್ಲಿ ಶಿಲ್ಪ ಅಂದರೆ ಒಂದೋ ಗರ್ಭಗುಡಿಯ ಕತ್ತಲಲ್ಲಿ ಇರಬೇಕು, ನಮ್ಮಂಥವರ ಕಣ್ಣಿಗೆ ಬೀಳಕೂಡದು. ಇಲ್ಲವೇ ಸರ್ಕಲ್ಲಿನಲ್ಲಿ ಎತ್ತರದ ಪೀಠದ ಮೇಲೆ ಇರಬೇಕು, ಮಂತ್ರಿ ಬಂದು ಪರದೆ ಎಳೆಯಬೇಕು, ಮಂತ್ರಿಯ ಹೆಸರು ಶಿಲ್ಪಿಯ ಹೆಸರಿಗಿಂತ ದಪ್ಪಕ್ಷರದಲ್ಲಿ ಕಲ್ಲಿನ ಮೇಲೆ ಕೂರಬೇಕು. ಬಾದಲ್ ಅವರ ಮೊಸಳೆಗೆ ಪೀಠ ಇಲ್ಲ, ಹಾರ ಇಲ್ಲ. ಅದು ಮಲಗಿದ್ದು ನೆಲಕ್ಕಿಂತ ಕೆಳಗೆ. ಕೆಲಸ ಮುಗಿದ ಮೇಲೆ ಇಲ್ಲವಾಗುವುದೇ ಅದರ ಗುರಿ. ಇಂಥ ಶಿಲ್ಪವನ್ನು ಯಾವ ಶಿಲ್ಪಶಾಸ್ತ್ರ ಕಲಿಸಿತ್ತು ಹೇಳಿ?

ಇನ್ನೊಂದು ಮಾತು. ಅವರು ಆರಿಸಿಕೊಂಡ ಜಾಗ ರಸ್ತೆ. ರಸ್ತೆ ಎಲ್ಲರದು ಅಂತ ನಾವು ಇವತ್ತು ಸಲೀಸಾಗಿ ಹೇಳಿಬಿಡುತ್ತೇವೆ. ಎಲ್ಲರದು ಆದದ್ದು ಯಾವಾಗ? ಕೇರಳದ ವೈಕಂನಲ್ಲಿ ಗುಡಿಯ ಸುತ್ತಲಿನ ರಸ್ತೆಯಲ್ಲಿ ಕೆಳಜಾತಿಯವರು ಬರೀ ನಡೆದು ಹೋಗುವುದಕ್ಕಾಗಿ 1924ರ ಮಾರ್ಚಿನಿಂದ 1925ರ ನವೆಂಬರಿನವರೆಗೆ ಸತ್ಯಾಗ್ರಹ ಮಾಡಬೇಕಾಯಿತು. ಗುಡಿಯೊಳಕ್ಕೆ ಅಲ್ಲ ಗೆಳೆಯರೇ, ಗುಡಿಯ ಹೊರಗಿನ ರಸ್ತೆಗೆ! ಕೊನೆಗೂ ಮೂರು ದಿಕ್ಕಿನ ರಸ್ತೆ ಬಿಟ್ಟುಕೊಟ್ಟು ಪೂರ್ವದ್ದನ್ನು ಮೇಲ್ಜಾತಿಗೇ ಉಳಿಸಿಕೊಂಡರು. ನಮ್ಮ ಹಳ್ಳಿಗಳಲ್ಲಿ ಅಪ್ಪ, ತಾತ ಎಕ್ಕಡ ಕೈಲಿ ಹಿಡಿದುಕೊಂಡು ದಾಟಿದ ಬೀದಿಗಳ ಕತೆಯನ್ನು ಯಾರೂ ನಮಗೆ ಓದಿ ಹೇಳಬೇಕಾಗಿಲ್ಲ. ಅಂಥ ರಸ್ತೆಯ ಮಧ್ಯೆ ಒಬ್ಬ ಕಲಾವಿದ ಕುಂಟೆಬಿಲ್ಲೆ ಆಡುವ ಮಗುವಿನ ಹಾಗೆ ಕುಕ್ಕರಗಾಲಲ್ಲಿ ಕೂತು ಬಣ್ಣ ಬಳಿಯುತ್ತಾನೆ ಅಂದರೆ ನಮಗೆ ಖುಷಿಯೇ.

ಆದರೂ ಒಂದು ಪ್ರಶ್ನೆ ಇದೆ. ಒಂದು ರಾತ್ರಿ ಊಟ ಮುಗಿಸಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಆ ಮೊಸಳೆಯ ಫೋಟೋ ನೋಡುತ್ತಿದ್ದಾಗ ನಮ್ಮಲ್ಲೊಬ್ಬ ಎತ್ತಿದ ಪ್ರಶ್ನೆ. "ಮೊಸಳೆ ಮಾಡಿದೋರು ಗೊತ್ತಾಯ್ತು. ಗುಂಡಿ ಮುಚ್ಚಿದೋರು ಯಾರ್ಲಾ?" ಯಾರೂ ಉತ್ತರ ಕೊಡಲಿಲ್ಲ. ಅವನ ಅಪ್ಪ ಅವ್ವ ಇಬ್ಬರೂ ಡಾಂಬರು ಗ್ಯಾಂಗಿನಲ್ಲಿ ಜಲ್ಲಿ ಹೊತ್ತವರು ಅಂತ ನಮಗೆಲ್ಲ ಗೊತ್ತಿತ್ತು.

ಮೊಸಳೆಗೂ ಮುಂಚೆ ಬಾದಲ್ ಅವರು ಇನ್ನೊಂದು ಕೆಲಸ ಮಾಡಿದ್ದರು. ಬಾಯಿ ತೆರೆದ ಮ್ಯಾನ್‌ಹೋಲಿನ ಸುತ್ತ ಯಮನ ಮುಖ ಬರೆದು, ಗುಂಡಿಯನ್ನೇ ಯಮನ ಬಾಯಿ ಮಾಡಿದ್ದರು. ನಮ್ಮ ಲೆಕ್ಕದಲ್ಲಿ ಅವರ ಕೆಲಸಗಳಲ್ಲೆಲ್ಲ ಇದೇ ದೊಡ್ಡದು. ಮೊಸಳೆ ನಗಿಸುತ್ತದೆ, ಯಮ ನಗಿಸಿ ತಡೆಯುತ್ತಾನೆ. ಆದರೆ ಆ ಚಿತ್ರವನ್ನು ನೋಡುವ ಕಣ್ಣು ಮೇಲಿನದು. ನಡೆದು ಹೋಗುವವನು, ಸ್ಕೂಟರಿನವನು ಎಲ್ಲಿ ಕಾಲು ಜಾರಿ ಬಿದ್ದಾನೋ ಅನ್ನುವ ಭಯ ಅದು. ಭಯ ನಿಜವೇ. ಆದರೆ ಅದೇ ಬಾಯಿಗೆ ಬೀಳದೆ, ಹಗ್ಗ ಕಟ್ಟಿಕೊಂಡು, ಕೂಲಿಗಾಗಿ ತಾವಾಗಿಯೇ ಇಳಿಯುವವರು ಇದ್ದಾರಲ್ಲ, ಅವರಿಗೆ ಆ ಯಮ ಚಿತ್ರ ಅಲ್ಲ. ಒಳಗಿನ ವಿಷಗಾಳಿ ಒಂದೆರಡು ಉಸಿರಿನಲ್ಲಿ ಆಳನ್ನು ಕೆಡವುತ್ತದೆ. ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ.

ಕಾನೂನು ಇಲ್ಲವೇ? ಇದೆ. 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು. ರಕ್ಷಣಾ ಸಲಕರಣೆ ಇಲ್ಲದೆ ಚರಂಡಿ, ಪಿಟ್ಟುಗಳಿಗೆ ಮನುಷ್ಯನನ್ನು ಇಳಿಸಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ ಅಂತ 2013ರ ಕಾಯ್ದೆ ಹೇಳುತ್ತದೆ. 1993ರಿಂದ ಈಚೆಗೆ ಒಳಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರ ಮಾರ್ಚಿನಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. ಮೊಸಳೆಗೆ ಹೆದರಿ ಓಡಿಬಂದ ಆಡಳಿತ ಈ ಕಾಗದಗಳಿಗೆ ಯಾಕೆ ಹೆದರುವುದಿಲ್ಲ? ನಮಗೆ ತೋಚಿದ ಉತ್ತರ ಇಷ್ಟು: ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ಕಾರು ಓಡಾಡುತ್ತದೆ. ನೋಡುವವರು ಅಧಿಕಾರಿಗೆ ಲೆಕ್ಕಕ್ಕೆ ಸಿಗುವ ಜನ. ನಾಚಿಕೆ ಹುಟ್ಟುವುದು ಎದುರು ನಿಂತು ನೋಡುವವರು ಯಾರು ಅನ್ನುವುದರ ಮೇಲೆ.

ಇದನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಹಾಸ್ಟೆಲಿನ ಹಿಂದೆ ಕಕ್ಕಸಿನ ಪಿಟ್ಟು ತುಂಬಿ ಅಡುಗೆಮನೆಯ ಬಾಗಿಲವರೆಗೆ ಹರಿಯುತ್ತಿತ್ತು. ಮೂರು ಅರ್ಜಿ ಕೊಟ್ಟೆವು. ಕೊನೆಗೆ ಮೊಸಳೆಯ ಫೋಟೋ ನೋಡಿದ ಹುರುಪಿನಲ್ಲಿ ಜೇಡಿಮಣ್ಣು ತಂದು ನಾವೂ ಒಂದು ಮೊಸಳೆ ಮಾಡಿದೆವು. ನಿಜ ಹೇಳಬೇಕೆಂದರೆ ಅದು ಓತಿಕ್ಯಾತದ ಹಾಗೆ ಇತ್ತು. ಹೊಟ್ಟೆಗೆ ಹುಲ್ಲು ತುಂಬಿ, ಹುಣಿಸೆಬೀಜದ ಕಣ್ಣಿಟ್ಟು, ಪಿಟ್ಟಿನ ಅಂಚಿಗೆ ಕೂರಿಸಿದೆವು. ಪೇಪರಿನವರಿಗೆ ಹೇಳಿ ಕಳಿಸಿದೆವು, ಬರಲಿಲ್ಲ. ವಾರ್ಡನ್ ಬಂದರು. ಮೊಸಳೆ ತೆಗೆಸಿದರು. ಪಿಟ್ಟು ಹಂಗೇ ಇತ್ತು.

ಆಮೇಲೆ ಜಿಲ್ಲೆಯಿಂದ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆ ಅಂತ ಸುದ್ದಿಯಾಯಿತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಹಿಂದಕ್ಕೆ ಹೋದರೆ ಅಲ್ಲೊಬ್ಬರು ಹಗ್ಗ, ಬಕೆಟ್ಟು ಇಟ್ಟುಕೊಂಡು ಅಂಗಿ ಬಿಚ್ಚುತ್ತಿದ್ದರು. ನಮ್ಮ ಕೇರಿಯವರೇ. ಅವರ ತಂಗಿಯ ಮಗ ನಮ್ಮ ಪಕ್ಕದ ರೂಮಿನಲ್ಲೇ ಓದುತ್ತಾನೆ.

"ಇಳೀಬೇಡಿ ಮಾವ," ಅಂದೆವು.

"ನಿಮ್ ಅರ್ಜೀನೇ ಅಂತಲ್ಲಪ್ಪ ಇದು?"

"ಮಷಿನ್ ತರಸ್ತಾರೆ ಅಂದ್ಕೊಂಡು ಬರ್ದಿದ್ದು."

ಅವರು ನಕ್ಕರು. ಎಂಟುನೂರಕ್ಕೆ ಮಾತಾಗಿದೆ, ಬಿಟ್ಟರೆ ಅದೂ ಹೋಗುತ್ತೆ, ನೀವೇನು ಕೊಡ್ತೀರಾ ಅಂತ ಕೇಳಿದರು. ನಾವು ಮೂವತ್ತೆರಡು ಜನ ಸುತ್ತ ಕೂತೆವು, ಆ ದಿನ ಕಾಲೇಜಿಗೆ ಹೋಗಲಿಲ್ಲ. ಅವರು ಹಗ್ಗ ಸುತ್ತಿಕೊಂಡರು. ನಾವು ಚಂದಾ ಎತ್ತಿ ಕೊಟ್ಟದ್ದು ನಾನೂರ ಹತ್ತು ರೂಪಾಯಿ. ಉಳಿದದ್ದು ಇನ್ನೂ ಬಾಕಿ. ಸಕ್ಕಿಂಗ್ ಮಷಿನ್ ಕಳಿಸಿ, ಮನುಷ್ಯರನ್ನು ಇಳಿಸಬೇಡಿ ಅಂತ 2013ರ ಕಾಯ್ದೆಯ ಹೆಸರು ಹಾಕಿ ನಾಲ್ಕನೇ ಅರ್ಜಿ ಕೊಟ್ಟಿದ್ದೇವೆ. ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಹಾಸ್ಟೆಲಿನ ಹಿಂದೆ ಪಾಳಿಯ ಮೇಲೆ ನಾಲ್ಕು ನಾಲ್ಕು ಜನ ಕೂತಿರುತ್ತೇವೆ.