ಮೋಡ ನೋಡಿ ಬಿತ್ತಬೇಡಿ

ಚಂದ್ರವಳ್ಳಿಯ ಬಂಡೆ ಶಾಸನದಲ್ಲಿ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಸಂಗತಿ ಇದೆ. ಮಳೆ ಕಮ್ಮಿ ಇರೋ ನಮ್ಮ ದುರ್ಗದ ಸೀಮೆಯಲ್ಲಿ ಮೋಡ ಕಂಡ ಕೂಡಲೇ ಯಾರೂ ಬಿತ್ತಲ್ಲ. ನೆಲ ಹದವಾಯ್ತಾ ಅಂತ ನೋಡ್ತಾರೆ. 'ಕ್ಲೌಡ್' ಕಲಿಯೋರಿಗೂ ಅದೇ ಮಾತು.

ಅಮೆಜಾನ್‌ನ ಎಡಬ್ಲ್ಯೂಎಸ್, ಮೈಕ್ರೋಸಾಫ್ಟ್‌ನ ಅಜೂರ್, ಗೂಗಲ್ ಕ್ಲೌಡ್: ಯಾವುದು ಕಲಿತರೆ ಕೆಲಸ ಸಿಗುತ್ತೆ? ಸುದ್ದಿ ನೋಡಿ ತೀರ್ಮಾನಿಸಬೇಡಿ. 2025ರ ಅಕ್ಟೋಬರ್ 20ರಂದು ಎಡಬ್ಲ್ಯೂಎಸ್ ಕೈಕೊಟ್ಟಾಗ ಎಲ್ಲ ಕಡೆ ಅದರದೇ ಹೆಸರು. ಅದು ಸೇವೆ ನಿಂತ ಸುದ್ದಿ, ಬೇಡಿಕೆಯ ಲೆಕ್ಕ ಅಲ್ಲ.

ಹಾಗಾದರೆ ಜನ ಏನು ಹುಡುಕ್ತಾರೆ ಅಂತ ಗೂಗಲ್ ಟ್ರೆಂಡ್ಸ್ ನೋಡೋಣವಾ? ನೋಡಿ, ಆದರೆ ಅಲ್ಲಿ 100 ಅಂದ್ರೆ ನೂರು ಜನ ಅಲ್ಲ. ನೀವು ಆರಿಸಿದ ಅವಧಿಯಲ್ಲಿ ಹುಡುಕಾಟ ಮುಟ್ಟಿದ ಅತಿ ಎತ್ತರ, ಅಷ್ಟೇ. ಕೋರ್ಸ್ ಹುಡುಕಿದವರೂ, ಸರ್ವರ್ ಕೆಟ್ಟು ಪರದಾಡಿದವರೂ ಅದೇ ಗೆರೆಯಲ್ಲಿ ಸೇರಿರ್ತಾರೆ.

ಅದಕ್ಕೇ ಕೋರ್ಸಿಗೆ ಸಾವಿರಾರು ರೂಪಾಯಿ ಕಟ್ಟೋ ಮುಂಚೆ ಎರಡು ಕೆಲಸ ಮಾಡಿ. ಟ್ರೆಂಡ್ಸ್‌ನಲ್ಲಿ ಕರ್ನಾಟಕ ಆರಿಸಿ, ಒಂದು ವಾರದ್ದಲ್ಲ, ಐದು ವರ್ಷದ ಗೆರೆ ನೋಡಿ. ಆಮೇಲೆ ನಿಮಗೆ ಬೇಕಾದ ಹುದ್ದೆಯ ಇಪ್ಪತ್ತು ಜಾಹೀರಾತು ಓದಿ, ಯಾವ ಹೆಸರು ಎಷ್ಟು ಸಲ ಬಂತು ಎಣಿಸಿ. ಸಂಬಳ ಕೊಡೋರು ಕೇಳೋದನ್ನೇ ಕಲಿಯಿರಿ.